ಕಾರಿನಲ್ಲಿ ಶಾರ್ಟ್‌ವೇವ್: ಕನ್ವರ್ಟರ್, ಹಳೆಯ ಸೆಟ್ಟು, ಕೈರೇಡಿಯೊ

ಈಗಿನ ಕಾರುಗಳ ರೇಡಿಯೊದಲ್ಲಿ, ಬಹುದೂರದ ಕೇಂದ್ರಗಳನ್ನೂ ಕೇಳಿಸುವ ಶಾರ್ಟ್‌ವೇವ್ ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ಕೇಳಲೇಬೇಕೆನ್ನುವವರು ಇರುವ ರೇಡಿಯೊಕ್ಕೆ ಶಾರ್ಟ್‌ವೇವ್ ಸಂಕೇತವನ್ನು ಮೀಡಿಯಂ ವೇವ್‌ಗೆ ಇಳಿಸಿಕೊಡುವ ಕನ್ವರ್ಟರ್ ಸೇರಿಸಬಹುದು, ಶಾರ್ಟ್‌ವೇವ್ ಇದ್ದ ಹಳೆಯ ಕಾರ್ ಸೆಟ್ಟನ್ನು ಕೂಡಿಸಬಹುದು, ಇಲ್ಲವೇ ಕೈರೇಡಿಯೊವೊಂದನ್ನು ಕಾರಿನ ರೇಡಿಯೊದ ಆಕ್ಸ್ ತೂತಿಗೆ (ಹೊರಗಿನ ಸಾಧನದ ದನಿ ಒಳಗೆ ಕೊಡುವ ತೂತು) ಜೋಡಿಸಬಹುದು. ವಿಜಯಪುರದಿಂದ ಕೊಲ್ಹಾರದ ಮೇಲೆ ಬಾಗಲಕೋಟೆಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 52ರಲ್ಲಿ, ಒಂದೇ ಡೀಸೆಲ್ ಕಾರಿನಲ್ಲಿ, ಚಾವಣಿಗೆ ಆಯಸ್ಕಾಂತದಿಂದ ಅಂಟುವ ಒಂದೇ ಆಂಟೆನಾ ಬಳಸಿ, ಹೊತ್ತು ಮುಳುಗಿದ ಮೇಲೆ ಚೆನ್ನಾಗಿ ಬರುವ 49 ಮತ್ತು 31 ಮೀಟರ್ ಬ್ಯಾಂಡುಗಳಲ್ಲಿ ಈ ಮೂರನ್ನೂ ಕೇಳಿ ನೋಡಿದ್ದೇನೆ.

ಯುಕ್ತಿಯ ದೃಷ್ಟಿಯಿಂದ ಕನ್ವರ್ಟರ್ ಬಹಳ ಸೊಗಸಾದದ್ದು. ಅದರೊಳಗಿನ ಆಸಿಲೇಟರ್, ಅಂದರೆ ಕೇಂದ್ರದ ಆವರ್ತನದಿಂದ ಕಳೆಯಬೇಕಾದ ಸ್ಥಿರ ಆವರ್ತನವನ್ನು ಹುಟ್ಟಿಸುವ ಭಾಗ, 8,500 ಕಿಲೋಹರ್ಟ್ಸ್‌ನದಾದರೆ, 31 ಮೀಟರ್ ಬ್ಯಾಂಡಿನ 9,400ರಿಂದ 9,900ರವರೆಗಿನ ಕೇಂದ್ರಗಳು ಕಾರಿನ ರೇಡಿಯೊದಲ್ಲಿ 900ರಿಂದ 1,400ರ ನಡುವೆ, ಮೀಡಿಯಂ ವೇವ್‌ನವೇ ಎಂಬಂತೆ ಸಿಗುತ್ತವೆ. ತೊಡಕಿರುವುದು ಡಿಜಿಟಲ್ ಟ್ಯೂನಿಂಗಿನಲ್ಲಿ. ಶಾರ್ಟ್‌ವೇವ್ ಕೇಂದ್ರಗಳು 5 ಕಿಲೋಹರ್ಟ್ಸ್ ಅಂತರದಲ್ಲಿ ಕೂತಿರುತ್ತವೆ. ನಮ್ಮ ಕಾರು ರೇಡಿಯೊಗಳು ಮೀಡಿಯಂ ವೇವ್‌ನಲ್ಲಿ 9 ಕಿಲೋಹರ್ಟ್ಸ್‌ನ ಹೆಜ್ಜೆ ಇಡುತ್ತವೆ. 9,405ರ ಕೇಂದ್ರ 905ಕ್ಕೆ ಬಂದು ನಿಂತರೆ ರೇಡಿಯೊ 900ರಿಂದ ನೇರ 909ಕ್ಕೆ ಜಿಗಿಯುತ್ತದೆ, ಸಿಕ್ಕ ದನಿ ಒಡೆದೇ ಕೇಳುತ್ತದೆ. ಇದರ ಜೊತೆಗೆ ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್‌ನ ಪ್ರಬಲ ಪ್ರಸಾರ ಕನ್ವರ್ಟರನ್ನು ದಾಟಿ ಒಳಗೆ ನುಸುಳುತ್ತದೆ. ಧಾರವಾಡವನ್ನು ಕೇಳುವುದು ನನಗೆ ಇಷ್ಟವೇ, ಆದರೆ ಅದಕ್ಕೆ ಕನ್ವರ್ಟರ್ ಬೇಕಿಲ್ಲ.

ಹಳೆಯ ಸೆಟ್ಟಿಗೆ ಹೆಜ್ಜೆಯ ತಂಟೆಯಿಲ್ಲ. ರಸ್ತೆಯ ಮೇಲಿನ ಕಣ್ಣು ತೆಗೆಯದೆ ಗುಂಡಿ ತಿರುವಿ ಕೇಂದ್ರ ಹಿಡಿಯಬಹುದು. 31 ಮೀಟರ್ ಬ್ಯಾಂಡಿಗೆ ಕಾಲು ತರಂಗದ (ತರಂಗದ ಉದ್ದದ ನಾಲ್ಕನೇ ಒಂದು ಭಾಗದಷ್ಟು ಉದ್ದದ) ಆಂಟೆನಾ ಎಂದರೆ ಸುಮಾರು 8 ಮೀಟರ್ ಉದ್ದವಿರಬೇಕು. ಕಾರಿನ ಮೇಲಿನ ಒಂದು ಮೀಟರ್ ಕಡ್ಡಿ ಹಿಡಿಯುವ ಅಲ್ಪ ಸಂಕೇತದಲ್ಲಿ ಒಂದಿಷ್ಟನ್ನು ಕೇಬಲ್ಲೇ ನುಂಗುತ್ತದೆ. ಹಳೆಯ ಸೆಟ್ಟಿನ ಆಂಟೆನಾ ಟ್ರಿಮ್ಮರನ್ನು (ಸೆಟ್ಟನ್ನು ಆಂಟೆನಾಕ್ಕೆ ಹೊಂದಿಸುವ ಪುಟ್ಟ ತಿರುಪು) ಸರಿಹೊಂದಿಸಿ ಆ ನಷ್ಟವನ್ನು ತುಸು ತುಂಬಿಕೊಳ್ಳಬಹುದು. ಆದರೆ ಹತ್ತಿರದ ಎರಡು ಕೇಂದ್ರಗಳನ್ನು ಅದು ಬೇರ್ಪಡಿಸಲಾರದು, ಬಿಡಿಭಾಗಗಳೂ ಸುಲಭಕ್ಕೆ ಸಿಗುವುದಿಲ್ಲ.

ಕೇಳುವ ಗುಣವೊಂದನ್ನೇ ನೋಡಿದರೆ ನನ್ನ ಮತ ಕೈರೇಡಿಯೊಕ್ಕೆ. ನಾನು ಬಳಸಿದ ಟೆಕ್ಸನ್ ಪಿಎಲ್-310ಇಟಿಯಲ್ಲಿ ಹೊರ ಆಂಟೆನಾಕ್ಕೆ ತೂತಿದೆ, ಬ್ಯಾಂಡ್‌ವಿಡ್ತನ್ನು, ಅಂದರೆ ರೇಡಿಯೊ ಒಮ್ಮೆಗೆ ಒಳಬಿಡುವ ಆವರ್ತನಗಳ ಹರವನ್ನು, ಕಿರಿದುಗೊಳಿಸಿ ಪಕ್ಕದ ಕೇಂದ್ರವನ್ನು ದೂರವಿಡಬಹುದು. ಅದರದೇ ಕಡ್ಡಿ ಎಳೆದು ಸೀಟಿನ ಮೇಲೆ ಇಟ್ಟರೆ ಕಾರಿನ ತಗಡು ಸಂಕೇತವನ್ನು ತಡೆಯುವುದರಿಂದ ಹೆಚ್ಚೇನೂ ಕೇಳಿಸದು. ಚಾವಣಿಯ ಆಂಟೆನಾ ಕಡ್ಡಾಯ. ಓಡಿಸುತ್ತ ಅದರ ಸಣ್ಣ ಗುಂಡಿಗಳನ್ನು ಒತ್ತುವುದು ಅಪಾಯಕರ, ಹೊರಡುವ ಮೊದಲೇ ಕೇಂದ್ರಗಳನ್ನು ಮೆಮೊರಿಯಲ್ಲಿ ಕೂಡಿಸಿಕೊಳ್ಳಬೇಕು.

ಮೂರಕ್ಕೂ ಸಮಾನ ಶತ್ರು ಕಾರಿನದೇ ಗದ್ದಲ. ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದ್ದರಿಂದ ಪೆಟ್ರೋಲ್ ಕಾರಿನ ಚಟಚಟ ಸದ್ದು ಇರಲಿಲ್ಲ. ಬ್ಯಾಟರಿಗೆ ವಿದ್ಯುತ್ ತುಂಬುವ ಆಲ್ಟರ್ನೇಟರಿನ ಕೊಂಯ್ ದನಿ ಮಾತ್ರ ಎಂಜಿನ್ನಿನ ವೇಗದೊಂದಿಗೆ ಏರಿಳಿಯುತ್ತಿತ್ತು. ವಿದ್ಯುತ್ ಸ್ಥಾವರವಿರುವ ಕೂಡಗಿ ಕಡೆಯ ಹೈಟೆನ್ಷನ್ ತಂತಿಗಳ ಕೆಳಗೆ ಎಲ್ಲವೂ ಕೆಲಹೊತ್ತು ಮುಚ್ಚಿಹೋಗುತ್ತದೆ, ಅದಕ್ಕೆ ಮದ್ದಿಲ್ಲ. ಅತಿ ಹೆಚ್ಚು ಕಾಟ ಕೊಟ್ಟದ್ದು ಮೊಬೈಲ್ ಚಾರ್ಜರ್. ಅದನ್ನು ಕಿತ್ತು, ಕೈರೇಡಿಯೊವನ್ನು ಕಾರಿನ ವಿದ್ಯುತ್ತಿಗೆ ಜೋಡಿಸದೆ ಅದರ ಮೂರು ಪೆನ್ಸಿಲ್ ಸೆಲ್ಲುಗಳ ಮೇಲೆಯೇ ನಡೆಸಿದಾಗ ಆಕ್ಸ್ ತಂತಿಯ ಗುಂಯ್‌ಗುಡುವಿಕೆಯೂ ನಿಂತಿತು.