ಕ್ರಾನ್ ಕಡತಗಳಿಗೆ ಯಾವ ಜಾಗ ಸರಿ?

1979ರಲ್ಲಿ ಬಂದ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿ, ನಿಗದಿತ ಹೊತ್ತಿಗೆ ತಾನಾಗಿ ನಡೆಯಬೇಕಾದ ಕೆಲಸಗಳನ್ನೆಲ್ಲ ಒಂದೇ ಕಡತದಲ್ಲಿ ಬರೆದಿಡಬೇಕಿತ್ತು. ಅದನ್ನು ಓದಿ ಕೆಲಸ ನಡೆಸುವ ತಂತ್ರಾಂಶವೇ ಕ್ರಾನ್. ಇಂದಿನ ಡೆಬಿಯನ್ (ಒಂದು ಬಗೆಯ ಲಿನಕ್ಸ್) ಸರ್ವರ್‌ನಲ್ಲಿ ಅದೇ ಕೆಲಸಕ್ಕೆ ಹಲವು ಜಾಗಗಳಿವೆ. ಡೇಟಾಬೇಸ್‌ನ ಬ್ಯಾಕಪ್ ತೆಗೆಯುವ ಒಂದೇ ಸ್ಕ್ರಿಪ್ಟನ್ನು ಅವುಗಳಲ್ಲಿ ನಾಲ್ಕು ಕಡೆ ಇಟ್ಟು ಓಡಿಸಿ ನೋಡಿದ್ದೇನೆ. ಹೋಲಿಸುವಾಗ ಮುಖ್ಯವಾಗಿ ಎರಡು ಸಂಗತಿಗಳನ್ನು ಗಮನಿಸಿದೆ: ಮುಂದೆ ಸರ್ವರ್ ನೋಡಿಕೊಳ್ಳುವವರ ಕಣ್ಣಿಗೆ ಈ ಕೆಲಸ ಬೀಳುತ್ತದೆಯೇ, ಯಂತ್ರವನ್ನು ಹೊಸದಾಗಿ ಸಿದ್ಧಪಡಿಸಿದಾಗ ಅದು ಜೊತೆಗೆ ಬರುತ್ತದೆಯೇ.

ಎಲ್ಲರಿಗೂ ಮೊದಲು ಪರಿಚಯವಾಗುವುದು, ತಮ್ಮ ಕೆಲಸಗಳ ಪಟ್ಟಿಯನ್ನು ತಿದ್ದಲು ತೆರೆಯುವ 'ಕ್ರಾನ್‌ಟ್ಯಾಬ್ -ಇ' ಆದೇಶ. ಬರೆದು ಉಳಿಸಿದರೆ ಸಾಕು, ರೂಟ್ ಅಧಿಕಾರವೂ (ಯಂತ್ರದ ಮೇಲಿನ ಪೂರ್ಣ ಹಕ್ಕು) ಬೇಡ. ಆದರೆ ಬರೆದದ್ದು ಹೋಗಿ ಕೂರುವ ಜಾಗ ಡೆಬಿಯನ್‌ನಲ್ಲಿ /ವಾರ್/ಸ್ಪೂಲ್/ಕ್ರಾನ್/ಕ್ರಾನ್‌ಟ್ಯಾಬ್ಸ್, ರೆಡ್ ಹ್ಯಾಟ್ ಬಳಗದಲ್ಲಿ /ವಾರ್/ಸ್ಪೂಲ್/ಕ್ರಾನ್, ಫ್ರೀಬಿಎಸ್‌ಡಿಯಲ್ಲಿ /ವಾರ್/ಕ್ರಾನ್/ಟ್ಯಾಬ್ಸ್. ಇವುಗಳಲ್ಲಿ ಯಾವುದೂ ಹೊಂದಿಕೆಯ ಕಡತಗಳಿರುವ /ಇಟಿಸಿ ಒಳಗಿಲ್ಲ. ಆದ್ದರಿಂದ /ಇಟಿಸಿಯನ್ನು ಮಾತ್ರ ಗಿಟ್‌ನಲ್ಲಿ (ಕಡತಗಳ ಬದಲಾವಣೆಯ ದಾಖಲೆ ಇಡುವ ತಂತ್ರಾಂಶ) ಇಟ್ಟುಕೊಳ್ಳುವವರ ಕೈಗೆ ಈ ಸಾಲುಗಳು ಸಿಗುವುದೇ ಇಲ್ಲ. ಜೊತೆಗೆ ಕೀಲಿಮಣೆಯಲ್ಲಿ 'ಇ' ಪಕ್ಕದಲ್ಲೇ 'ಆರ್' ಇದೆ. 'ಕ್ರಾನ್‌ಟ್ಯಾಬ್ -ಆರ್' ಎಂದು ಒತ್ತಿದರೆ ಒಂದು ಮಾತೂ ಕೇಳದೆ ಇಡೀ ಪಟ್ಟಿ ಅಳಿಸಿಹೋಗುತ್ತದೆ. ಇಂಥ ಎರಡು ಆಯ್ಕೆಗಳಿಗೆ ಅಕ್ಕಪಕ್ಕದ ಅಕ್ಷರಗಳನ್ನು ಕೊಟ್ಟ ಪುಣ್ಯಾತ್ಮರಿಗೆ ನಮಸ್ಕಾರ.

/ಇಟಿಸಿ/ಕ್ರಾನ್.ಡೈಲಿ ನೋಡಲು ಬಹಳ ಸರಳ. ಸ್ಕ್ರಿಪ್ಟನ್ನು ಅಲ್ಲಿ ಹಾಕಿ ಓಡುವ ಅನುಮತಿ ಕೊಟ್ಟರೆ ದಿನಕ್ಕೊಮ್ಮೆ ನಡೆಯುತ್ತದೆ. ಆದರೆ ಹೊತ್ತು ನಮ್ಮ ಕೈಯಲ್ಲಿಲ್ಲ: ಡೆಬಿಯನ್‌ನ ಮೂಲ ಹೊಂದಿಕೆಯಲ್ಲಿ ಬೆಳಿಗ್ಗೆ 6:25, ಯಂತ್ರ ಆರಿದ್ದಾಗ ತಪ್ಪಿದ ಕೆಲಸವನ್ನು ಆಮೇಲೆ ನಡೆಸುವ ಅನಾಕ್ರಾನ್ ಇದ್ದರೆ ಅದರ ಲೆಕ್ಕವೇ ಬೇರೆ. ಇದಕ್ಕಿಂತ ಹೆಚ್ಚು ಕಾಡುವುದು ಹೆಸರಿನ ನಿಯಮ. 'ಬ್ಯಾಕಪ್.ಎಸ್ಎಚ್' ಎಂಬ ಹೆಸರಿನಲ್ಲಿ ಚುಕ್ಕೆ ಇರುವುದರಿಂದ ಅಲ್ಲಿನ ಸ್ಕ್ರಿಪ್ಟ್‌ಗಳನ್ನು ಓಡಿಸುವ ಡೆಬಿಯನ್‌ನ 'ರನ್-ಪಾರ್ಟ್ಸ್' ಅದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ರೆಡ್ ಹ್ಯಾಟ್ ಬಳಗದಲ್ಲಿ ಅದೇ ಕಡತ ಓಡುತ್ತದೆ. 'ರನ್-ಪಾರ್ಟ್ಸ್ --ಟೆಸ್ಟ್' ಕೊಟ್ಟರೆ ಯಾವ ಯಾವ ಕಡತಗಳು ಓಡಲಿವೆ ಎಂಬುದು ಡೆಬಿಯನ್‌ನಲ್ಲಿ ಮೊದಲೇ ತಿಳಿಯುತ್ತದೆ. ಹಳೆಯ ಲಾಗ್‌ಗಳನ್ನು ತೆಗೆದುಹಾಕುವಂಥ, ಹೊತ್ತಿನ ಹಂಗಿಲ್ಲದ ಕೆಲಸಕ್ಕೆ ಮಾತ್ರ ನಾನು ಈ ಜಾಗವನ್ನು ಬಳಸುತ್ತೇನೆ.

ನನಗೆ ಹಿಡಿಸಿದ್ದು /ಇಟಿಸಿ/ಕ್ರಾನ್.ಡಿ. ಒಂದು ಕೆಲಸಕ್ಕೆ ಒಂದು ಕಡತ. ಬೇಡವಾದಾಗ ಆ ಕಡತವನ್ನು ತೆಗೆದರೆ ಆಯಿತು. ಐದು ಸಮಯದ ಅಂಕಣಗಳ ನಂತರ ಆರನೆಯದಾಗಿ ಬಳಕೆದಾರರ ಹೆಸರು ಬರುತ್ತದೆ:

30 20 * * * ಪೋಸ್ಟ್‌ಗ್ರೆಸ್ /ಓಪಿಟಿ/ಬ್ಯಾಕಪ್

ಯಾವ ಕೆಲಸ, ಯಾರ ಹೆಸರಿನಲ್ಲಿ, ಯಾವಾಗ ಎಂಬುದೆಲ್ಲ ಒಂದೇ ಸಾಲಿನಲ್ಲಿದೆ. ಇಲ್ಲಿ 20:30 ಎಂದಿರುವುದಕ್ಕೆ ಕಾರಣ ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರುವುದು. ನಮ್ಮ ಲೆಕ್ಕದಲ್ಲಿ ಅದು ನಡುರಾತ್ರಿ ಕಳೆದು 2 ಗಂಟೆ. ವೈಯಕ್ತಿಕ ಕ್ರಾನ್‌ಟ್ಯಾಬ್‌ನ ಸಾಲನ್ನು ಹಾಗೆಯೇ ತಂದು ಇಲ್ಲಿ ಅಂಟಿಸಿದರೆ, ಆದೇಶದ ಹೆಸರನ್ನೇ ಬಳಕೆದಾರರ ಹೆಸರೆಂದು ಕ್ರಾನ್ ಓದಿಕೊಳ್ಳುತ್ತದೆ. ಕಡತ ರೂಟ್ ಒಡೆತನದಲ್ಲಿರಬೇಕು, ಬೇರೆಯವರು ಅದರಲ್ಲಿ ಬರೆಯುವಂತಿರಬಾರದು, ಕೊನೆಯ ಸಾಲಿನ ನಂತರ ಎಂಟರ್ ಒತ್ತಿರಬೇಕು. ಚುಕ್ಕೆಯಿರುವ ಹೆಸರನ್ನು ಡೆಬಿಯನ್ ಇಲ್ಲಿಯೂ ಓದುವುದಿಲ್ಲ. ಬ್ಯಾಕಪ್ ಕಡತದ ಹೆಸರಿಗೆ ದಿನಾಂಕ ಸೇರಿಸಲು ಶೇಕಡಾ ಚಿಹ್ನೆಯನ್ನು ಈ ಸಾಲಿನಲ್ಲೇ ಬರೆದರೆ ಕ್ರಾನ್ ಅದನ್ನು ಹೊಸ ಸಾಲೆಂದು ತಿಳಿಯುತ್ತದೆ. ಹಾಗಾಗಿ ಅದರ ಹಿಂದೆ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಬೇಕು, ಇಲ್ಲವೇ ದಿನಾಂಕದ ಕೆಲಸವನ್ನು ಸ್ಕ್ರಿಪ್ಟ್ ಒಳಗೇ ಇಟ್ಟುಕೊಳ್ಳಬೇಕು. ಇಷ್ಟೆಲ್ಲ ಕಟ್ಟಳೆಗಳಿದ್ದರೂ ಅವನ್ನು ಒಮ್ಮೆ ಪಾಲಿಸಿದರೆ ಮತ್ತೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಕಡತ ಬದಲಾದದ್ದನ್ನು ಕ್ರಾನ್ ತಾನೇ ನಿಮಿಷಕ್ಕೊಮ್ಮೆ ನೋಡಿಕೊಳ್ಳುತ್ತದೆ.

ನಾಲ್ಕನೆಯದು ಕ್ರಾನ್ ಬದಲು ಸಿಸ್ಟಮ್‌ಡಿ (ಇಂದಿನ ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ವ್ಯವಸ್ಥೆ) ಬಳಸುವ ದಾರಿ. ಅದರ ಟೈಮರ್‌ಗಳ ಜಾಗ /ಇಟಿಸಿ/ಸಿಸ್ಟಮ್‌ಡಿ/ಸಿಸ್ಟಮ್. ಒಂದು ಸಾಲಿನ ಕೆಲಸಕ್ಕೆ ಇಲ್ಲಿ ಟೈಮರ್ ಮತ್ತು ಸರ್ವಿಸ್ ಎಂದು ಎರಡು ಕಡತಗಳು ಬೇಕು. ಅವನ್ನು ಬರೆದಿಟ್ಟರೆ ಸಾಲದು, 'ಎನೇಬಲ್' ಕೂಡ ಮಾಡಬೇಕು. ಈ ಶ್ರಮಕ್ಕೆ ಪ್ರತಿಫಲವೂ ಇದೆ. 'ಪರ್ಸಿಸ್ಟೆಂಟ್' ಎಂಬ ಸಾಲನ್ನು ಸೇರಿಸಿದರೆ ಯಂತ್ರ ಆರಿದ್ದಾಗ ತಪ್ಪಿದ ಕೆಲಸ ಮತ್ತೆ ಹೊತ್ತಿಕೊಂಡ ಮೇಲೆ ನಡೆಯುತ್ತದೆ. ಸಮಯದ ಮುಂದೆ 'ಏಷ್ಯಾ/ಕೋಲ್ಕತಾ' ಎಂದು ಬರೆದು ಯುಟಿಸಿಯ ಗುಣಾಕಾರ ಭಾಗಾಕಾರದಿಂದ ತಪ್ಪಿಸಿಕೊಳ್ಳಬಹುದು. 'ಲಿಸ್ಟ್-ಟೈಮರ್ಸ್' ಕೊಟ್ಟರೆ ಪ್ರತಿಯೊಂದು ಟೈಮರ್ ಹಿಂದೆ ಯಾವಾಗ ಓಡಿತು, ಮುಂದೆ ಯಾವಾಗ ಓಡಲಿದೆ ಎಂಬುದು ಒಟ್ಟಿಗೇ ಕಾಣುತ್ತದೆ. ಕ್ರಾನ್‌ನಲ್ಲಿ ಇದಕ್ಕೆ ಸಮನಾದದ್ದು ಏನೂ ಇಲ್ಲ. ಇತ್ತ ಕ್ರಾನ್, ಸ್ಕ್ರಿಪ್ಟ್ ಹೊರಹಾಕಿದ ಸಂದೇಶವನ್ನು ಸರ್ವರ್‌ನಲ್ಲಿ ಮೇಲ್ ವ್ಯವಸ್ಥೆ ಇದ್ದರೆ ತಾನಾಗಿ ಕಳುಹಿಸುತ್ತದೆ. ಟೈಮರ್‌ನಲ್ಲಿ ಅದನ್ನು ಸಿಸ್ಟಮ್‌ಡಿಯ ಲಾಗ್ ಆದ ಜರ್ನಲ್‌ನಲ್ಲಿ ನಾವೇ ಹೋಗಿ ಓದಬೇಕು, ಇಲ್ಲವೇ ವಿಫಲವಾದಾಗ ತಿಳಿಸಲು ಮತ್ತೊಂದು ಸರ್ವಿಸ್ ಬರೆಯಬೇಕು.

ಸದ್ಯ ಸದಾ ಚಾಲೂ ಇರುವ ಸರ್ವರ್‌ಗಳ ಬ್ಯಾಕಪ್ಪನ್ನು ಕ್ರಾನ್.ಡಿಯಲ್ಲಿಯೂ, ರಾತ್ರಿ ಮುಚ್ಚಿಡುವ ಲ್ಯಾಪ್‌ಟಾಪ್‌ನದನ್ನು ಟೈಮರ್‌ನಲ್ಲಿಯೂ ಇಟ್ಟಿದ್ದೇನೆ. ರೂಟ್ ಅಧಿಕಾರ ಸಿಗದ ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಸಾಮಾನ್ಯವಾಗಿ ವೈಯಕ್ತಿಕ ಕ್ರಾನ್‌ಟ್ಯಾಬ್ ಬಿಟ್ಟು ಬೇರೆ ದಾರಿಯಿರುವುದಿಲ್ಲ. ಅಂಥಲ್ಲಿ ಮೂಲ ಪಟ್ಟಿಯನ್ನು ಯೋಜನೆಯ ಕೋಡ್ ಜೊತೆಗೇ ಒಂದು ಕಡತವಾಗಿ ಗಿಟ್‌ನಲ್ಲಿಟ್ಟು, ಬದಲಾವಣೆಯನ್ನು ಆ ಕಡತದಲ್ಲೇ ಮಾಡಿ, 'ಕ್ರಾನ್‌ಟ್ಯಾಬ್' ಆದೇಶದ ಮುಂದೆ ಅದರ ಹೆಸರು ಕೊಟ್ಟು ಇಡೀ ಪಟ್ಟಿಯನ್ನು ಒಟ್ಟಿಗೆ ಏರಿಸುತ್ತೇನೆ. 'ಕ್ರಾನ್‌ಟ್ಯಾಬ್ -ಇ' ಅನ್ನು ಅಲ್ಲಿ ಮುಟ್ಟುವುದಿಲ್ಲ.