ವರದಿಯಲ್ಲಿ 47 ಪ್ರೋಟೀನ್, ಚೀಲದಲ್ಲಿ ಯೂರಿಯಾ: ಸ್ವಂತ ಆಹಾರ ಬೆರೆಸುವ ಬ್ರಾಯ್ಲರ್ ಸಾಕಣೆದಾರರಿಗೆ ಒಂದು ಎಚ್ಚರಿಕೆ

2021ರಲ್ಲಿ ಸೋಯಾ ಹಿಂಡಿಯ ಬೆಲೆ ಕೆಲವೇ ತಿಂಗಳಲ್ಲಿ ದುಪ್ಪಟ್ಟಾಗಿ, ಕೊನೆಗೆ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅನುಮತಿ ಕೊಟ್ಟದ್ದು ಕೋಳಿ ಸಾಕುವವರಿಗೆ ನೆನಪಿರುತ್ತದೆ. ನಾನು ಮೋಸಹೋದದ್ದು ಆ ದಿನಗಳಲ್ಲಿಯೇ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ 3,000 ಮರಿಗಳ ಶೆಡ್ ನಮ್ಮದು. ಕಂಪನಿ ಕೋಳಿಯಲ್ಲ, ಮರಿಯೂ ನಮ್ಮದೇ, ಆಹಾರವೂ ನಾವೇ ಬೆರೆಸಿದ್ದು. ದಲ್ಲಾಳಿಯೊಬ್ಬರು ಮಾರುಕಟ್ಟೆಗಿಂತ ಕೆಜಿಗೆ 14 ರೂಪಾಯಿ ಕಡಿಮೆಗೆ ಸೋಯಾ ಹಿಂಡಿ ತಂದುಕೊಟ್ಟರು. ಜೊತೆಗೆ ಪ್ರಯೋಗಾಲಯದ ವರದಿಯೂ ಇತ್ತು: ಕಚ್ಚಾ ಪ್ರೋಟೀನ್ ಶೇ. 47. ಆ ಅಂಕಿಯನ್ನು ನೋಡಿದ ಮೇಲೆ ನಾನು ಬೇರೇನನ್ನೂ ಕೇಳಲಿಲ್ಲ.

ಎರಡನೆಯ ವಾರ ಮುಗಿಯುವಷ್ಟರಲ್ಲಿ ಮರಿಗಳು ಒಂದೇ ಸಮನಾಗಿ ಬೆಳೆಯುತ್ತಿಲ್ಲವೆಂಬುದು ಕಣ್ಣಿಗೆ ಬಿತ್ತು. ಬೆನ್ನಿನ ಮೇಲೆ ಗರಿ ಸರಿಯಾಗಿ ಮೂಡಿರಲಿಲ್ಲ, ಎತ್ತಿ ಹಿಡಿದರೆ ಎದೆಯ ಮೂಳೆ ಚೂಪಾಗಿ ಬೆರಳಿಗೆ ತಗಲುತ್ತಿತ್ತು, ಕೆಳಗೆ ಹರಡಿದ್ದ ಭತ್ತದ ಹೊಟ್ಟು ಒದ್ದೆಯಾಗಿ ಬೆಳಿಗ್ಗೆ ಶೆಡ್ಡಿನ ಪರದೆ ಎತ್ತಿದರೆ ಅಮೋನಿಯಾ ಕಣ್ಣು ಉರಿಸುತ್ತಿತ್ತು. ಕಾಕ್ಸಿಡಿಯೋಸಿಸ್ ಎಂಬ ಕರುಳಿನ ಕಾಯಿಲೆ ಇರಬಹುದೆಂದು ಔಷಧಿ ಕೊಟ್ಟೆ, ಪ್ರಯೋಜನವಾಗಲಿಲ್ಲ. ಅದೇ ದಲ್ಲಾಳಿಯನ್ನು ಕೇಳಿದಾಗ, ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳು ಕಡಿಮೆಯಾಗಿರಬೇಕೆಂದು ಹೇಳಿ, ಅವುಗಳಲ್ಲೊಂದಾದ ಲೈಸಿನ್‌ನ ಪುಡಿಯನ್ನು ಬಿಡಿಯಾಗಿ ತೂಗಿ ಕಳುಹಿಸಿದರು. ಕಾಯಿಲೆ ತಂದವರ ಕೈಯಿಂದಲೇ ಮದ್ದನ್ನೂ ಕೊಂಡೆನೆಂಬುದು ಆಗ ನನಗೆ ತಿಳಿದಿರಲಿಲ್ಲ. 42ನೆಯ ದಿನ ಸರಾಸರಿ ತೂಕ 1.7 ಕೆಜಿ, ನಮ್ಮ ಶೆಡ್ಡಿನಲ್ಲಿ ಸಾಮಾನ್ಯವಾಗಿ 2.2 ಬರುತ್ತದೆ. ಎಫ್‌ಸಿಆರ್, ಅಂದರೆ ಒಂದು ಕೆಜಿ ತೂಕ ಬರಲು ಕೋಳಿ ತಿನ್ನುವ ಆಹಾರದ ಕೆಜಿ ಲೆಕ್ಕ, 1.7 ಇರಬೇಕಾದ ಕಡೆ 2.1 ಆಗಿತ್ತು.

ಉಳಿದಿದ್ದ ಹಿಂಡಿಯನ್ನು ನಾನೇ ಬೇರೆ ಪ್ರಯೋಗಾಲಯಕ್ಕೆ ಕಳುಹಿಸಿದಾಗ ಕಚ್ಚಾ ಪ್ರೋಟೀನ್ ಶೇ. 46 ಎಂದೇ ಬಂತು. ಅಂದರೆ ಮೊದಲಿನ ವರದಿ ಸುಳ್ಳಾಗಿರಲಿಲ್ಲ. ಕಚ್ಚಾ ಪ್ರೋಟೀನ್ ಎಂದರೆ ಪ್ರೋಟೀನನ್ನೇ ಅಳೆದ ಲೆಕ್ಕವಲ್ಲ. 1883ರಿಂದ ಬಳಕೆಯಲ್ಲಿರುವ ಕೆಲ್ಡಾಲ್ ವಿಧಾನದಲ್ಲಿ ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ, ಆ ಸಾರಜನಕ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿರುವುದರಿಂದ, ಹಿಂಡಿಗೆ ಶೇ. 3ರಷ್ಟು ಯೂರಿಯಾ ಬೆರೆಸಿದರೆ ವರದಿಯಲ್ಲಿ ಎಂಟೂವರೆ ಅಂಶಕ್ಕೂ ಹೆಚ್ಚು ಪ್ರೋಟೀನ್ ಏರುತ್ತದೆ. ಚೀನಾದಲ್ಲಿ 2008ರಲ್ಲಿ ಮಕ್ಕಳ ಹಾಲಿನ ಪುಡಿಗೆ ಸಾರಜನಕ ಹೆಚ್ಚಿರುವ ಮೆಲಮೈನ್ ಎಂಬ ರಾಸಾಯನಿಕ ಬೆರೆಸಿದ ಹಿಂದಿನ ಲೆಕ್ಕಾಚಾರವೂ ಇದೇ. ಸಹಾಯಧನ ಕಳೆದು 45 ಕೆಜಿ ಚೀಲಕ್ಕೆ 266 ರೂಪಾಯಿ 50 ಪೈಸೆಗೆ ಸಿಗುವ ಯೂರಿಯಾ ಸೋಯಾ ಬೆಲೆಗೆ ಮಾರಾಟವಾದರೆ ಲಾಭ ಯಾರಿಗೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಸುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅಲ್ಪ ಪ್ರಮಾಣದ ಯೂರಿಯಾವನ್ನು ಪ್ರೋಟೀನಾಗಿ ಬದಲಿಸಿಕೊಳ್ಳಬಲ್ಲವು. ಕೋಳಿಗೆ ಆ ಅನುಕೂಲವಿಲ್ಲ.

ನಷ್ಟ ನಿಜವಾಗಿ ಆದದ್ದು ಲೈಸಿನ್‌ನಲ್ಲಿ. ಒಳ್ಳೆಯ ಸೋಯಾ ಹಿಂಡಿಯಲ್ಲಿ ಸುಮಾರು ಶೇ. 2.8 ಲೈಸಿನ್ ಇರುತ್ತದೆಂದು ನಂಬಿ, ಮರಿಗಳಿಗೆ ಮೊದಲ ದಿನಗಳಲ್ಲಿ ಕೊಡುವ ಸ್ಟಾರ್ಟರ್ ಆಹಾರದ ಒಂದು ಟನ್ನಿಗೆ 330 ಕೆಜಿ ಹಿಂಡಿ ಹಾಕಿ, ಕೊರತೆಯಷ್ಟನ್ನು ಮಾತ್ರ ಲೈಸಿನ್ ಪುಡಿಯಿಂದ ತುಂಬಿದ್ದೆ. ನಿಜವಾದ ಪ್ರೋಟೀನ್ ಶೇ. 38ರ ಆಸುಪಾಸಿನಲ್ಲಿದ್ದುದರಿಂದ ಟನ್ನಿಗೆ ಒಂದೂವರೆ ಕೆಜಿಗೂ ಹೆಚ್ಚು ಲೈಸಿನ್ ನನ್ನ ಲೆಕ್ಕದಿಂದ ಜಾರಿಹೋಗಿತ್ತು. ಮೆಥಿಯೊನಿನ್ ಎಂಬ ಇನ್ನೊಂದು ಅಮೈನೋ ಆಮ್ಲದ ಕಥೆಯೂ ಅಷ್ಟೆ. ಗರಿ ಮೂಡದಿದ್ದುದು ಅದರ ಕೊರತೆಯ ಗುರುತು. ಮೋಸವಿಲ್ಲದೆಯೂ ಇದೇ ತಪ್ಪು ನಡೆಯಬಹುದು: ಕಡಲೆಕಾಯಿ ಹಿಂಡಿಯ ಪ್ರೋಟೀನ್ ಸೋಯಾಕ್ಕೆ ಹತ್ತಿರವಿದ್ದರೂ ಲೈಸಿನ್ ಹೆಚ್ಚುಕಡಿಮೆ ಅರ್ಧದಷ್ಟೇ ಇರುತ್ತದೆ, ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷದ ಭಯ ಬೇರೆ. ಆದ್ದರಿಂದ ಒಂದರ ಬದಲು ಇನ್ನೊಂದನ್ನು ಕೆಜಿಗೆ ಕೆಜಿ ಎಂದು ಬದಲಿಸಬೇಡಿ.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಎರಡು ಚಮಚ ಹಿಂಡಿಯನ್ನು ಮುಚ್ಚಳವಿರುವ ಗಾಜಿನ ಸೀಸೆಯಲ್ಲಿ ಉಗುರುಬೆಚ್ಚಗಿನ ನೀರಿಗೆ ಹಾಕಿ, ಹುರಿಯದ ಹಸಿ ಸೋಯಾ ಕಾಳಿನ ಪುಡಿ ಒಂದು ಚಮಚ ಸೇರಿಸಿ ಮುಚ್ಚಿಡಬೇಕು. ಹಸಿ ಸೋಯಾದಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಬಿಡಿಸುತ್ತದೆ. ನನ್ನ ಸೀಸೆಯನ್ನು ಅರ್ಧ ಗಂಟೆಯ ನಂತರ ತೆರೆದಾಗ ಶೆಡ್ಡಿನ ಅದೇ ಘಾಟು ಮುಖಕ್ಕೆ ಹೊಡೆಯಿತು; ಸೀಸೆಯ ಬಾಯಿಗೆ ಹಿಡಿದ ಒದ್ದೆ ಕೆಂಪು ಲಿಟ್ಮಸ್ ಕಾಗದ ನೀಲಿಯಾಯಿತು. ಬಿಡಿ ಲೈಸಿನ್ ಪುಡಿಯನ್ನೂ ನೋಡಿದೆ. ಲೈಸಿನ್ ನೀರಿನಲ್ಲಿ ಪೂರ್ತಿ ಕರಗಬೇಕು. ನನ್ನ ಲೋಟದ ತಳದಲ್ಲಿ ಬಿಳಿಯ ಗಸಿ ನಿಂತಿತ್ತು, ಅದಕ್ಕೆ ನಿಂಬೆರಸ ಹಿಂಡಿದರೆ ನೊರೆಯೆದ್ದಿತು, ಸುಣ್ಣಕಲ್ಲಿನ ಪುಡಿಯಂತೆ. ಅಲ್ಲಿಂದೀಚೆಗೆ ತಯಾರಕರ ಹೊಲಿಗೆ, ಬ್ಯಾಚ್ ಸಂಖ್ಯೆ ಇಲ್ಲದ ಅಮೈನೋ ಆಮ್ಲದ ಚೀಲವನ್ನು ನಾನು ಮುಟ್ಟಿಲ್ಲ. ಹಿಂಡಿಯ ಪ್ರತಿ ಲೋಡಿನಲ್ಲೂ ನಾಲ್ಕಾರು ಚೀಲಗಳಿಂದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕೊಟ್ಟು, ಯೂರಿಯಾ ಪರೀಕ್ಷೆಯ ಜೊತೆಗೆ ಅಮೈನೋ ಆಮ್ಲಗಳ ಪ್ರಮಾಣವನ್ನೂ ಬರೆದುಕೊಡುವಂತೆ ಕೇಳುತ್ತೇನೆ.

ದಲ್ಲಾಳಿ ಫೋನ್ ಎತ್ತುವುದನ್ನು ನಿಲ್ಲಿಸಿದರು. ಬಿಲ್ಲು ಕೇಳದೆ ನಗದು ಕೊಟ್ಟವನು ನಾನೇ ಆದ್ದರಿಂದ ದೂರು ಕೊಡಲು ಕೈಯಲ್ಲಿ ಕಾಗದವಿರಲಿಲ್ಲ. ಉಳಿದ 11 ಚೀಲಗಳನ್ನು ತೆಂಗಿನ ಬುಡಕ್ಕೆ ಹಾಕಿಸಿದೆ.