ಅಡ್ಮಿನ್ ಹಕ್ಕು ತೆಗೆಯುವುದೋ, ಅನುಮತಿ ಪಟ್ಟಿಯೋ, ಆಪ್ ಕ್ಯಾಟಲಾಗೋ?

ಆಫೀಸಿನ ಕಂಪ್ಯೂಟರ್‌ಗಳಲ್ಲಿ ನೌಕರರು ಯಾವ ಪ್ರೋಗ್ರಾಂ ಹಾಕಿಕೊಳ್ಳಬಹುದು ಎಂಬುದನ್ನು ಹತೋಟಿಯಲ್ಲಿಡಲು ಈ ಮೂರು ಉಪಾಯಗಳಿವೆ. ಖರ್ಚು ನೋಡಿದರೆ ನೌಕರರ ಅಡ್ಮಿನ್ ಹಕ್ಕು (ಕಂಪ್ಯೂಟರ್‌ನಲ್ಲಿ ಏನು ಬೇಕಾದರೂ ಹಾಕುವ, ಬದಲಿಸುವ ಅಧಿಕಾರ) ತೆಗೆಯುವುದೇ ಅಗ್ಗ. ಹೊಸದೇನೂ ಕೊಳ್ಳಬೇಕಿಲ್ಲ. ಹೆಲ್ಪ್‌ಡೆಸ್ಕ್‌ಗೆ ಕರೆಗಳು ಮಾತ್ರ ಜಾಸ್ತಿಯಾಗುತ್ತವೆ.

ಭದ್ರತೆಯಲ್ಲಿ ಇದರ ತೂತು ದೊಡ್ಡದು. ಎಷ್ಟೋ ಪ್ರೋಗ್ರಾಂಗಳು ಬಳಕೆದಾರರ ಸ್ವಂತ ಆಪ್‌ಡೇಟಾ ಫೋಲ್ಡರ್‌ನಲ್ಲೇ ಕೂರುತ್ತವೆ, ಅಡ್ಮಿನ್ ಪಾಸ್‌ವರ್ಡ್ ಕೇಳುವುದೇ ಇಲ್ಲ. ಅನುಮತಿ ಪಟ್ಟಿ, ಅಂದರೆ ಒಪ್ಪಿದ ಪ್ರೋಗ್ರಾಂಗಳನ್ನು ಮಾತ್ರ ಓಡಲು ಬಿಡುವ ವ್ಯವಸ್ಥೆ, ಇಂಥವನ್ನೂ ತಡೆಯುತ್ತದೆ. ವಿಂಡೋಸ್ 7ರ ಜೊತೆ ಬಂದ ಆಪ್‌ಲಾಕರ್ ಎಂಬ ಅನುಮತಿ ಪಟ್ಟಿಯ ಸೌಲಭ್ಯದಲ್ಲಿ ತಯಾರಕರ ಡಿಜಿಟಲ್ ಸಹಿ, ಫೋಲ್ಡರ್ ದಾರಿ, ಫೈಲ್ ಹ್ಯಾಶ್ (ಫೈಲ್‌ನ ಒಳಗಿನದರಿಂದ ಲೆಕ್ಕ ಹಾಕಿದ ಗುರುತು) ಇವುಗಳ ಮೇಲೆ ನಿಯಮ ಬರೆಯಬಹುದು. ಹ್ಯಾಶ್ ಬಹಳ ಬಿಗಿ. ಆದರೆ ಫೈಲ್ ಅಪ್‌ಡೇಟ್ ಆದಾಗಲೆಲ್ಲ ಅದೂ ಬದಲಾಗುತ್ತದೆ, ಸುಮ್ನೆ ತಲೆನೋವು ಅಲ್ವಾ? ನನ್ನ ಮತ ಸಹಿಗೆ. ಬಳಕೆದಾರರೇ ಫೈಲ್ ಹಾಕಬಲ್ಲ ಫೋಲ್ಡರ್‌ಗೆ ದಾರಿಯ ನಿಯಮ ಬೇಡವೇ ಬೇಡ. ಯಾವ ನಿಯಮವಾದರೂ ಮೊದಲು ಏನನ್ನೂ ತಡೆಯದೆ ಬರೀ ದಾಖಲಿಸುವ ಆಡಿಟ್ ಮೋಡ್‌ನಲ್ಲಿ ಓಡಿಸಿ ನೋಡಿ, ಆಮೇಲೆ ಜಾರಿ ಮಾಡಿ.

ನೌಕರರಿಗೆ ಹಿತವಾದದ್ದು ಕ್ಯಾಟಲಾಗ್. ಕಂಪನಿಯ ಕಂಪ್ಯೂಟರ್‌ಗಳನ್ನು ನಿರ್ವಹಿಸುವ ಮೈಕ್ರೋಸಾಫ್ಟ್ ಸೇವೆ ಇಂಟ್ಯೂನ್‌ನ ಕಂಪನಿ ಪೋರ್ಟಲ್‌ನಂಥದರಿಂದ ಒಪ್ಪಿಗೆಯಾದ ಆಪ್‌ಗಳನ್ನು ತಾವೇ ಹಾಕಿಕೊಳ್ಳುತ್ತಾರೆ. ಐಟಿ ತಂಡಕ್ಕೆ ಪ್ರತಿ ಆಪ್ ಅನ್ನೂ ಕ್ಯಾಟಲಾಗ್‌ಗೆ ಹೊಂದುವಂತೆ ಪ್ಯಾಕೇಜ್ ಮಾಡುವ ಕೆಲಸ ಮುಗಿಯುವುದಿಲ್ಲ. ಇದೊಂದೇ ಏನನ್ನೂ ತಡೆಯುವುದೂ ಇಲ್ಲ.

ಒಂದೇ ಬಗೆಯ ಕೆಲಸದ ಕೌಂಟರ್ ಯಂತ್ರಗಳಿಗೆ ಪಟ್ಟಿ ಸರಿಹೊಂದುತ್ತದೆ. ದಿನಾ ಹೊಸ ಟೂಲ್ ಬೇಕೆನ್ನುವ ಡೆವಲಪರ್‌ಗಳಿಗೆ ಅದು ಹಿಂಸೆ. ಅವರಿಗೆ ಕ್ಯಾಟಲಾಗ್ ಕೊಡಿ, ಬೇಕಾದಾಗ ಸ್ವಲ್ಪ ಹೊತ್ತಿನ ಅಡ್ಮಿನ್ ಹಕ್ಕೂ ಇರಲಿ. ಐಟಿ ತಂಡ ಚಿಕ್ಕದೇ? ಹಕ್ಕು ತೆಗೆಯುವುದರಿಂದ ಶುರು ಮಾಡಿ.